ಕತ್ತರಿಗೆ ಸಿಕ್ಕ ತರೀಕೆರೆ ಅತ್ತೆ

ಬೆಳಗ್ಗೆ ಎದ್ದ ಕೂಡಲೇ ತನಗೆ ಯಾವ ರೀತಿಯಲ್ಲೂ ಸಂಬಂಧಪಡದ ಒಂದು ಸುದ್ದಿ ಕಿವಿಗೆ ಬೀಳದಿದ್ದರೆ ಮನುಷ್ಯನಿಗೆ ಕಾಫಿ ರುಚಿಸುವುದಿಲ್ಲ. ನಮ್ಮ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರರ ಹೆಸರಿನಲ್ಲಿ ಒಂದು ಷೇರೂ ಇಲ್ಲ. ಆದರೂ ಷೇರುಪೇಟೆ ಬಿದ್ದ ದಿನ ಅವರು ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತಿರುತ್ತಾರೆ. ನನ್ನ ಹೆಂಡತಿ ಶೈಲಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಭವಿಷ್ಯದಲ್ಲಿ ನಂಬಿಕೆಯಿಲ್ಲ ಎನ್ನುತ್ತಲೇ ಅಷ್ಟೂ ರಾಶಿಗಳನ್ನು ಓದಿ, ನನ್ನ ರಾಶಿಗೆ ಬಂದಾಗ ಮಾತ್ರ ಜೋರಾಗಿ ಓದುತ್ತಾಳೆ. ನನ್ನದು ಇವರಿಬ್ಬರಿಗಿಂತ ವಿಚಿತ್ರವಾದ ಚಟ. ಸಿನಿಮಾ ಮತ್ತು ಟೀವಿ ಸಂಕಲನಕಾರರಿಗಾಗಿಯೇ ಪ್ರಪಂಚದಲ್ಲಿ ಎಷ್ಟೋ ಜಾಲತಾಣಗಳಿವೆ. ಅವು ದಿನವೂ ನನಗೆ ಮಿಂಚಂಚೆ ಕಳಿಸುತ್ತವೆ. ಯಾವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು, ಅದರಲ್ಲಿ ಎಡಗಡೆಯಿದ್ದ ಗುಂಡಿಯನ್ನು ಬಲಗಡೆಗೆ ಯಾಕೆ ಹಾಕಿದರು, ಹಾಗೆ ಹಾಕಿದ್ದಕ್ಕೆ ಯಾರು ಯಾರು ಸಿಟ್ಟಾದರು, ಯಂತ್ರಗಳೇ ಎಡಿಟಿಂಗ್ ಮಾಡತೊಡಗಿದರೆ ಮನುಷ್ಯರು ಏನು ಮಾಡಬೇಕು, ಯಾವ ದೇಶದ ಸಂಕಲನಕಾರರು ಮನೆಯಿಂದಲೇ ಕೆಲಸ ಮಾಡಲು ಶುರುಮಾಡಿದರು, ಇಂಥವೆಲ್ಲ ನನಗೆ ಹಲ್ಲುಜ್ಜುವ ಮೊದಲೇ ಗೊತ್ತಾಗಿರುತ್ತದೆ. ಇದು ಗೊತ್ತಾಗದಿದ್ದರೆ ಕಡೂರಿನಲ್ಲಿ ಯಾರಿಗೂ ಏನೂ ನಷ್ಟವಿಲ್ಲ. ಗೊತ್ತಾದರೆ ನಷ್ಟವಾಗಬಹುದು ಎಂಬುದು ಮಾತ್ರ ನನಗೆ ಈಚೆಗೆ ಅರಿವಾಯಿತು.

ನಾನೂ ಒಬ್ಬ ಸಂಕಲನಕಾರ. ಮೈಸೂರಿನಲ್ಲಿ ಸಮೂಹ ಸಂವಹನದಲ್ಲಿ ಎಂ.ಎ. ಮಾಡಿ, ಬೆಂಗಳೂರಿನ ಒಂದು ಟೀವಿ ವಾಹಿನಿಯಲ್ಲಿ ಕೆಲವು ವರ್ಷ ಧಾರಾವಾಹಿಗಳ ಅತ್ತೆಯಂದಿರ ಮುಖವನ್ನು ಮೂರು ಮೂರು ಸಲ ತೋರಿಸುವ ಕೆಲಸ ಮಾಡಿ, ಶೈಲಾಗೆ ಕಡೂರಿಗೆ ವರ್ಗವಾದಾಗ ಅವಳ ಹಿಂದೆ ಪೆಟ್ಟಿಗೆ ಹೊತ್ತು ಬಂದೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಕೊಬ್ಬರಿ ಮಂಡಿಯ ಮೇಲಿನ ಕೋಣೆಯಲ್ಲಿ ನನ್ನ ಎಡಿಟಿಂಗ್ ಅಂಗಡಿಯಿದೆ. ಮದುವೆ, ಗೃಹಪ್ರವೇಶ, ಸ್ಥಳೀಯ ಕೇಬಲ್ಲಿನ ಕಾರ್ಯಕ್ರಮ, ಮಠದ ಪ್ರವಚನ, ಏನು ಬಂದರೂ ಕತ್ತರಿಸಿ ಜೋಡಿಸಿ ಕೊಡುತ್ತೇನೆ. ಕೆಳಗಿನಿಂದ ಕೊಬ್ಬರಿಯ ವಾಸನೆ ಮೇಲೇರಿ ಬಂದು ನನ್ನ ಬಟ್ಟೆಯನ್ನೆಲ್ಲ ಹಿಡಿದಿದೆ. ರೈಲು ಹೋದಾಗಲೆಲ್ಲ ಮೇಜು ನಡುಗುತ್ತದೆ. ಎಡಿಟಿಂಗ್ ಕೋಣೆಯಲ್ಲಿ ಸದ್ದು ತಡೆಯುವುದು ಹೇಗೆ ಎಂಬ ಲೇಖನವನ್ನು ನಾನು ಓದುತ್ತಿದ್ದಾಗ ಒಂದು ಗೂಡ್ಸ್ ಗಾಡಿ ಹಾದುಹೋಗಿ, ಅದು ಪೂರ್ತಿ ಹೋಗುವಷ್ಟರಲ್ಲಿ ಲೇಖನವೇ ಮುಗಿದಿತ್ತು.

ವಿಶ್ವವಿದ್ಯಾಲಯ ನನಗೆ ಕೊಟ್ಟ ಆಸ್ತಿಯೆಂದರೆ ಸಂದೇಹ. ಯಾರು ಏನು ಹೇಳಿದರೂ 'ಇದಕ್ಕೆ ಆಧಾರವೇನು' ಎಂದು ಕೇಳುವ ಅಭ್ಯಾಸ. ಇದರಿಂದ ನೆಂಟರಿಷ್ಟರು ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ, ಅದೊಂದು ಲಾಭ. ಆದರೆ ಸಂದೇಹಪಡುವವನಿಗೆ ನೆನಪು ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ತಾನು ಏನನ್ನು ಸಂದೇಹಿಸುತ್ತಿದ್ದೆ ಎಂಬುದೇ ಮರೆತುಹೋಗುತ್ತದೆ. ನನ್ನ ನೆನಪಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅನುಮಾನ. ನೆನಪು ಎಂಬುದು ಉಗ್ರಾಣವಲ್ಲ, ಅದೂ ಒಂದು ಎಡಿಟಿಂಗ್ ಕೋಣೆಯೇ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಕತ್ತರಿಸಿ ಜೋಡಿಸಿ ಕೊಡುತ್ತದೆ ಎಂದು ಎಲ್ಲೋ ಓದಿದ್ದೆ. ಎಲ್ಲಿ ಎಂಬ ಭಾಗ ಕತ್ತರಿಸಿಹೋಗಿದೆ. ಒಮ್ಮೆ ತರೀಕೆರೆಗೆ ಹೊರಟವನು ಬೀರೂರಿನಲ್ಲಿ ಇಳಿದು ವಾಪಸು ಬಂದೆ, ಕಂಪ್ಯೂಟರ್ ಆಫ್ ಮಾಡಿದೆನೋ ಇಲ್ಲವೋ ಎಂದು. ಆಫ್ ಆಗಿತ್ತು. ಸರಿಯಾಗಿ ಆಫ್ ಆಗಿದೆಯೇ ಎಂದು ಆನ್ ಮಾಡಿ ನೋಡಿದೆ. ಮತ್ತೆ ಹೊರಟು ಬೀರೂರು ಮುಟ್ಟಿದಾಗ, ಹಾಗೆ ಆನ್ ಮಾಡಿದ್ದನ್ನು ಆಫ್ ಮಾಡಿದೆನೇ ಎಂಬ ಪ್ರಶ್ನೆ ಎದ್ದಿತು. ತರೀಕೆರೆಗೆ ಆ ದಿನ ಹೋಗಲಿಲ್ಲ.

ಹೀಗಿರುವವನು ಓದಿದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಅದಕ್ಕೆ ನಾನು 'ಆಮೇಲೆ ಓದಬೇಕಾದವು' ಎಂದು ಒಂದು ಫೋಲ್ಡರ್ ಮಾಡಿಕೊಂಡಿದ್ದೇನೆ. ಒಳ್ಳೆಯ ಲೇಖನಗಳೆಲ್ಲ ಅಲ್ಲಿಗೆ ಹೋಗುತ್ತವೆ, ಸ್ಟೀಲ್ ಬಂದ ಮೇಲೆ ಅಟ್ಟಕ್ಕೆ ಹೋದ ತಾಮ್ರದ ಪಾತ್ರೆಗಳ ಹಾಗೆ. ಯಾವುದೇ ಚಿತ್ರೀಕರಣವನ್ನು ಕನಿಷ್ಠ ಮೂರು ಬೇರೆ ಬೇರೆ ಜಾಗಗಳಲ್ಲಿ ಉಳಿಸಿಕೊಳ್ಳಬೇಕು, ಒಂದೇ ಕಡೆ ಇರುವುದು ಇಲ್ಲದಿದ್ದಂತೆಯೇ ಎಂದು ಒಬ್ಬ ಅನುಭವಿ ಬರೆದಿದ್ದ. ಆ ಲೇಖನ ನನಗೆ ಎಷ್ಟು ಹಿಡಿಸಿತೆಂದರೆ ಅದನ್ನು ನಾನು ಮೂರು ಬೇರೆ ಬೇರೆ ಜಾಗಗಳಲ್ಲಿ ಉಳಿಸಿಕೊಂಡಿದ್ದೇನೆ. ಮದುವೆಗಳು ಮಾತ್ರ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ಮದುವೆ ಚಿತ್ರಗಳ ಭವಿಷ್ಯವೇನು ಎಂಬ ವಿಷಯವಾಗಿ ಒಂದು ಬೆಳಗ್ಗೆ ಒಂದು ಲೇಖನ ಬಂತು. ಬರೆದವನು ಯಾವುದೋ ದೂರದ ದೇಶದವನು. ನೋಡುವವರ ಹೊತ್ತಿಗೆ ಬೆಲೆ ಕೊಡಿ, ಕತೆಯನ್ನು ಮುಂದಕ್ಕೆ ತಳ್ಳದ ಯಾವ ದೃಶ್ಯವನ್ನೂ ಇಟ್ಟುಕೊಳ್ಳಬೇಡಿ, ಸುಮ್ಮನೆ ಕ್ಯಾಮೆರಾ ನೋಡಿಕೊಂಡು ನಿಂತ ಅತಿಥಿಗಳನ್ನು ಮುಲಾಜಿಲ್ಲದೆ ತೆಗೆದುಹಾಕಿ ಎಂಬುದು ಅವನ ಉಪದೇಶ. ಎಲ್ಲದಕ್ಕೂ ಆಧಾರ ಕೇಳುವ ನಾನು ಇದಕ್ಕೆ ಆಧಾರ ಕೇಳಲಿಲ್ಲ. ಯಾಕೆಂದರೆ ಅದು ನನ್ನ ಬೆನ್ನುನೋವಿನ ಅಭಿಪ್ರಾಯವೂ ಆಗಿತ್ತು.

ನಮ್ಮ ಕಡೆಯ ಮದುವೆ ವೀಡಿಯೊ ಎಡಿಟ್ ಮಾಡಿದವರಿಗೆ ಇದು ಅರ್ಥವಾದೀತು. ಧಾರೆ ಮುಗಿದ ಮೇಲೆ ಮುಯ್ಯಿಯ ಸಾಲು ಶುರುವಾಗುತ್ತದೆ. ನೆಂಟರು ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಾರೆ. ಕವರೋ ಸೀರೆಯೋ ಸ್ಟೀಲ್ ಡಬರಿಯೋ ಹೆಣ್ಣುಗಂಡಿನ ಕೈಗಿಡುತ್ತಾರೆ. ಇಟ್ಟ ಮೇಲೆ ಕೈಬಿಡುವುದಿಲ್ಲ. ಕೊಟ್ಟವರ ಕೈ, ಇಸಿದುಕೊಂಡವರ ಕೈ ಎರಡೂ ವಸ್ತುವಿನ ಮೇಲಿರುವಾಗಲೇ ಎಲ್ಲರೂ ಕ್ಯಾಮೆರಾದ ಕಡೆ ತಿರುಗಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನನ್ನ ಕ್ಯಾಮೆರಾಮನ್ ನಾಗರಾಜ, ನನಗಿಂತ ಹಿರಿಯ, ಗಂಭೀರ ಮನುಷ್ಯ, ಅವನು 'ಆಯ್ತು' ಎನ್ನುವವರೆಗೆ ಯಾರೂ ಅಲ್ಲಾಡುವಂತಿಲ್ಲ. ಅವನು 'ಆಯ್ತು' ಎನ್ನುವುದು ಬಹಳ ತಡವಾಗಿ. ಇಂಥವರು ಬರುತ್ತಲೇ ಇರುತ್ತಾರೆ. ನಾನು ಮೇಜಿನ ಮುಂದೆ ಕೂತು ನೋಡುತ್ತಲೇ ಇರುತ್ತೇನೆ. ಕೆಳಗಿನ ಮಂಡಿಯಲ್ಲಿ ಒಂದು ಲಾರಿ ಲೋಡಾಗಿ ಹೋಗಿ ಇನ್ನೊಂದು ಬಂದು ನಿಂತರೂ ವೇದಿಕೆಯ ಮೇಲೆ ಗಂಡಿನ ದೊಡ್ಡಪ್ಪನ ಬೀಗರ ಕಡೆಯವರು ಇನ್ನೂ ಮುಗಿದಿರುವುದಿಲ್ಲ.

ಅಜ್ಜಂಪುರದ ಗುರುಮೂರ್ತಪ್ಪನವರ ಮಗಳ ಮದುವೆಯ ಮೇಲೆ ನಾನು ಆ ಹೊಸ ತತ್ವವನ್ನು ಪ್ರಯೋಗಿಸಿದೆ. ಗುರುಮೂರ್ತಪ್ಪನವರು ತೆಂಗಿನ ತೋಟ, ಒಂದಿಷ್ಟು ಹೊಲ ಇರುವ ಅನುಕೂಲಸ್ಥರು, ಕೊಬ್ಬರಿ ಹಾಕಲು ಕೆಳಗಿನ ಮಂಡಿಗೆ ಬಂದಾಗ ಮೇಲೆ ಬಂದು ಕಾಫಿ ಕುಡಿದು ಹೋಗುವವರು. ಮುಯ್ಯಿಯ ಸಾಲನ್ನು ಇಡಿಯಾಗಿ ಎತ್ತಿ ಬಿಸಾಕಿದೆ. ಅಕ್ಷತೆ ಹಾರುವುದು, ಹುಡುಗಿಯ ಕಣ್ಣು, ಹುಡುಗನ ಪೇಟ, ಮಂಟಪದ ಹಿಂದೆ ಒಂದು ಮಗು ನಿದ್ದೆಹೋಗಿರುವುದು, ಹೀಗೆ ಆರಿಸಿ ಆರಿಸಿ ಜೋಡಿಸಿದೆ. ಕಡೂರಿನಲ್ಲಿ ರೈಲು ಹತ್ತಿದವನು ಬೀರೂರು ಮುಟ್ಟುವುದರೊಳಗೆ ಮುಗಿಯುವಂಥ ಚಿತ್ರ. ಮುಗಿದ ಮೇಲೆ ನಾನೇ ಇನ್ನೊಮ್ಮೆ ಹಾಕಿಕೊಂಡು ನೋಡಿದೆ. ಅದೇ ಹುಮ್ಮಸ್ಸಿನಲ್ಲಿ ಪೆನ್ ಡ್ರೈವಿಗೆ ಹಾಕಿ ಅಜ್ಜಂಪುರಕ್ಕೆ ಕಳಿಸಿದೆ.

ಎರಡು ದಿನ ಕಳೆದು ಅವರ ಫೋನ್ ಬಂತು.

"ಪ್ರಕಾಶಪ್ಪಾ, ನೋಡಿದ್ವಿ ಕಣಪ್ಪಾ."

"ಹೇಗಿದೆ ಅಣ್ಣಾ?"

"ಚೆನ್ನಾಗೈತೆ. ಸಿನಿಮಾ ಇದ್ದಂಗೈತೆ." ಆಮೇಲೆ ಕೇಳಿದರು: "ಮದುವೆ ಎಲ್ಲೈತೆ?"

ಅದೇ ಮದುವೆ ಎಂದೆ. ಇದು ಮುಂದೆ ಬರೋದರ ತುಣುಕು ಅಂದ್ಕೊಂಡಿದ್ವಿ ಎಂದರು. ನಾನು ಈಗ ಪ್ರಪಂಚದಲ್ಲೆಲ್ಲ ಹೀಗೇ ಮಾಡುತ್ತಾರೆ ಎಂದು ಶುರುಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಪ್ರಪಂಚದವರ್ನ ಬಿಡಪ್ಪಾ. ನಮ್ ಪಾರ್ವತಿ ಎದ್ದು ಹೋದ್ಲು" ಎಂದರು.

ಪಾರ್ವತಮ್ಮ ಅವರ ಒಬ್ಬಳೇ ತಂಗಿ, ತರೀಕೆರೆಗೆ ಮದುವೆಯಾಗಿ ಹೋದವರು. ಅಣ್ಣತಂಗಿಗೆ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ಕಾರಣ ತಾಯಿಯ ಕಾಲದ ತಾಮ್ರದ ಹಂಡೆ. ಮನೆಗೆ ಸೋಲಾರ್ ಹಾಕಿಸಿದಾಗ ಗುರುಮೂರ್ತಪ್ಪನವರು ಆ ಹಂಡೆಯನ್ನು ಪಾತ್ರೆಯವನಿಗೆ ಹಾಕಿ ಹೊಸ ಪಾತ್ರೆ ತಂದಿದ್ದರು. ತಂಗಿಯನ್ನು ಒಂದು ಮಾತು ಕೇಳಿರಲಿಲ್ಲ. ಅವ್ವ ನೀರು ಕಾಯಿಸಿ ನನಗೆ ಎರೆದ ಹಂಡೆ ಅದು ಎಂದು ಆಕೆ ಅಂದು ಹೊಸ್ತಿಲು ದಾಟಿದವರು ಮತ್ತೆ ಬಂದಿರಲಿಲ್ಲ. ಅಂಥವರು ಅಣ್ಣನ ಮಗಳ ಮದುವೆಗೆ, ಬರುತ್ತಾರೆಂದು ಯಾರೂ ಎಣಿಸದಿದ್ದಾಗ, ಬಂದಿದ್ದರು. ವೇದಿಕೆ ಹತ್ತಿ ಹುಡುಗಿಯ ಕೈಗೆ ಸೀರೆ ಇಟ್ಟಿದ್ದರು. ಮುಂದಿನ ಭಾನುವಾರ ಹೆಣ್ಣುಗಂಡನ್ನೂ ಬಂಧುಗಳನ್ನೂ ತರೀಕೆರೆಯ ತಮ್ಮ ಮನೆಗೆ ಊಟಕ್ಕೆ ಕರೆಯಬೇಕೆಂದಿದ್ದರು. ಹಾಗೆ ಕರೆಯಲೆಂದೇ ಅಜ್ಜಂಪುರಕ್ಕೆ ಬಂದರೆ, ಬಂದ ಹೊತ್ತಿಗೆ ಸರಿಯಾಗಿ ನನ್ನ ಚಿತ್ರ ಟೀವಿಯಲ್ಲಿ ಓಡುತ್ತಿತ್ತು. ಆಕೆ ಕೂತು ಪೂರ್ತಿ ನೋಡಿದರು. ಮಲಗಿದ ಮಗು ಕಂಡಿತು. ಸೋದರತ್ತೆ ಕಾಣಲಿಲ್ಲ.

"ಏನಂದ್ರು?" ಎಂದು ಕೇಳಿದೆ.

"ಏನಿಲ್ಲ. ಕಾಫಿ ಲೋಟ ಕೆಳಗಿಟ್ಲು. 'ನಾನು ನಿಮ್ ಮದುವೇಗೆ ಬಂದೇ ಇಲ್ವಲ್ಲಣ್ಣ, ಬರ್ದೇ ಇದ್ದೋಳ್ ಮನೇಲಿ ಊಟ ಎಂಥದು' ಅಂದ್ಲು. ಬಸ್ ಹತ್ತಿ ಹೋದ್ಲು. ಪೂರ್ತಿ ಕ್ಯಾಸೆಟ್ ಕೊಡಪ್ಪಾ, ಅವ್ಳ್ ಮನೇಗೆ ತಗಂಡೋಗಿ ತೋರುಸ್ಬೇಕು. ಇಲ್ದಿದ್ರೆ ಈ ಜನ್ಮದಾಗೆ ಅವ್ಳು ನಮ್ ಮನೆ ಹೊಸ್ತಿಲು ತುಳಿಯಲ್ಲ."

"ಆಗ್ಲಿ ಅಣ್ಣಾ" ಎಂದೆ. ಆಗಲಿ ಎನ್ನುವಾಗ ಅದು ನನ್ನ ಹತ್ತಿರ ಇದೆಯೇ ಎಂಬುದು ನನಗೆ ಗೊತ್ತಿರಲಿಲ್ಲ.

ಡಿಸ್ಕ್ ತೆರೆದು ನೋಡಿದೆ. ಮುಯ್ಯಿಯ ಸಾಲು ಇರಲಿಲ್ಲ. ಧಾರೆ ಇತ್ತು, ಅಕ್ಷತೆ ಇತ್ತು, ಮಗು ಇತ್ತು. ನಾನು ಚಿತ್ರಕ್ಕೆ ಬಳಸಿದ್ದು ಅಷ್ಟೂ ಇತ್ತು. ಬಳಸದೆ ಬಿಟ್ಟದ್ದರಲ್ಲಿ ಒಂದು ಚೂರೂ ಇರಲಿಲ್ಲ. ಆಗ ಮಂಜುಮಂಜಾಗಿ ಇನ್ನೊಂದು ಲೇಖನ ನೆನಪಿಗೆ ಬಂತು. ಡಿಸ್ಕ್ ತುಂಬಿದಾಗ ಬಳಸದ ಚಿತ್ರಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕುವ ಉಪಾಯ. ಅದನ್ನು ಓದಿದ್ದು ಖಂಡಿತ. ಮಾಡಿದ್ದು ನೆನಪಿಲ್ಲ. ಆದರೆ ನನಗೆ ನೆನಪಿಲ್ಲ ಎಂಬುದು ನಾನು ಮಾಡಿಲ್ಲ ಎಂಬುದಕ್ಕೆ ಆಧಾರವಾಗುವುದಿಲ್ಲ.

ನಾಗರಾಜನನ್ನು ಕರೆಸಿದೆ. ಕ್ಯಾಮೆರಾದ ಕಾರ್ಡುಗಳಲ್ಲಿ ಮೂಲ ಇರಬಹುದಲ್ಲ.

"ಅವನ್ನ ಚೌಳಹಿರಿಯೂರು ಮದುವೇಗೆ ಖಾಲಿ ಮಾಡ್ಕೊಂಡೆ ಸಾ. ನೀವೇ ಅಂದ್ರಲ್ಲ, ಎಲ್ಲ ಇಳ್ಸಾಗೈತೆ, ಅಳ್ಸು ಅಂತ."

"ನಾನು ಹೇಳಿದ್ನಾ?"

"ಹೂಂ ಸಾ. ಸ್ಟೇಷನ್ ಮುಂದೆ ನಿಂತ್ಕಂಡು ಬೋಂಡ ತಿಂತಾ ಹೇಳಿದ್ರಿ."

"ಆ ದಿನ ನಾನು ತಿಂದದ್ದು ಬೋಂಡ ಅಲ್ಲ ನಾಗರಾಜ, ವಡೆ."

"ವಡೇನೇ ಇರ್ಲಿ ಸಾ. ವಡೆ ತಿಂತಾ ಹೇಳಿದ್ರಿ."

ಇಲ್ಲಿ ನಾನು ಸಿಕ್ಕಿಬಿದ್ದೆ. ವಡೆ ತಿಂದದ್ದನ್ನು ಒಪ್ಪಿಕೊಂಡ ಮೇಲೆ ಹೇಳಿದ್ದನ್ನೂ ಒಪ್ಪಿಕೊಳ್ಳಬೇಕಾಯಿತು. ಆಕೆ ವೇದಿಕೆ ಹತ್ತಿದ್ದು ನೆನಪಿದೆಯಾ ಎಂದು ಅವನನ್ನೇ ಕೇಳಿದೆ. ಮುಯ್ಯಿಯ ಸಾಲಿನಲ್ಲಿ ತನಗೆ ಜನ ಕಾಣುವುದಿಲ್ಲ, ಫೋಕಸ್ ಮಾತ್ರ ಕಾಣುತ್ತದೆ ಎಂದ.

ಶನಿವಾರ ಬೆಳಗ್ಗೆಯಿಂದ ಜಾಲತಾಣಗಳಲ್ಲಿ ಮುಳುಗಿದೆ. ಸಂಕಲನಕಾರರು ತಮ್ಮ ಸಂಕಟಗಳನ್ನು ಹೇಳಿಕೊಳ್ಳುವ ವೇದಿಕೆಗಳಿವೆ. ಒಬ್ಬ ಪ್ರಶ್ನೆ ಹಾಕುತ್ತಾನೆ, ಪ್ರಪಂಚದ ಮೂಲೆಮೂಲೆಯವರು ಉತ್ತರ ಹಾಕುತ್ತಾರೆ. ನಾನೂ ಹಾಕಿದೆ. ಬಳಸದ ಚಿತ್ರಗಳನ್ನು ಅಳಿಸಿಬಿಟ್ಟಿದ್ದೇನೆ, ಅದರಲ್ಲಿ ಒಬ್ಬ ಅತ್ತೆ ಇದ್ದಾಳೆ, ವಾಪಸು ತರುವುದು ಹೇಗೆ ಎಂದು. ಮೊದಲನೆಯವನು ಮೂರು ಕಡೆ ಉಳಿಸಿಕೊಳ್ಳಬೇಕಿತ್ತು ಎಂದು ಬರೆದ. ಎರಡನೆಯವನು ಮೊದಲನೆಯವನು ಹೇಳಿದ್ದು ಸರಿ ಎಂದು ಬರೆದ. ಮೂರನೆಯವನು ಒಬ್ಬ ಅತ್ತೆ ಕಮ್ಮಿಯಾದರೆ ಅದನ್ನು ತೊಂದರೆ ಎಂದು ಯಾಕೆ ಭಾವಿಸುತ್ತೀರಿ ಎಂದು ಕೇಳಿದ. ಅತ್ತೆಯ ವಿಷಯದಲ್ಲಿ ಜಗತ್ತೆಲ್ಲ ಒಂದೇ ಎಂದುಕೊಂಡು ಹಳೆಯ ಪ್ರಶ್ನೋತ್ತರಗಳನ್ನು ಕೆದಕತೊಡಗಿದೆ.

ಶನಿವಾರ ಅರ್ಧ ದಿನದ ಸ್ಕೂಲು. ಶೈಲಾ ಊಟದ ಡಬ್ಬಿ ಹಿಡಿದು ಮೇಲೆ ಬಂದಾಗ ನಾನು ಒಂದು ಹಳೆಯ ಉತ್ತರವನ್ನು ಓದಿ ಸಿಟ್ಟಾಗಿ ಕೂತಿದ್ದೆ. ಯಾರೋ ಒಬ್ಬ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದ: ನಿಧಾನದ ಕಂಪ್ಯೂಟರುಗಳಲ್ಲಿ ಕೆಲಸ ಸಲೀಸಾಗಲೆಂದು ಸಾಫ್ಟ್‌ವೇರ್ ಪ್ರತಿ ಚಿತ್ರದ ಒಂದು ಸಣ್ಣ ನಕಲು ಮಾಡಿಕೊಳ್ಳುತ್ತದೆ. ಮೂಲವನ್ನು ಅಳಿಸಿದರೂ ಆ ನಕಲುಗಳು ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತವೆ. ಜನ ಕೊಬ್ಬರಿಯನ್ನು ಅಂಗಳದಲ್ಲೆಲ್ಲ ಹುಡುಕುತ್ತಾರೆ, ಅದು ಅಟ್ಟದ ಮೇಲೆ ಒಣಗುತ್ತಿರುತ್ತದೆ. ಅಲ್ಲಾಡಿಸಿ ನೋಡಿ, ಕಾಯೊಳಗೆ ಲೊಟಲೊಟ ಎಂದರೆ ನಿಮ್ಮ ಅದೃಷ್ಟ.

"ಏನ್ರೀ ಅದು, ಮುಖ ಹಾಗೆ?" ಎಂದಳು ಶೈಲಾ.

"ಯಾರೋ ಅರೆಬೆಂದ ಪಂಡಿತ. ವಿಷಯ ಹೇಳೋ ಕಡೆ ಉಪಮೆ ಹೇಳ್ತಿದ್ದಾನೆ."

"ಆ ಫೋಲ್ಡರ್ ನೋಡಿದ್ರಾ?"

"ಇಲ್ಲ. ಮೊದಲು ಇವನು ನಂಬೋಕೆ ಯೋಗ್ಯನಾ ಅಂತ ನೋಡ್ಬೇಕು."

"ಯಾವ ಊರಿನೋನು? ಕೊಬ್ಬರಿ ಅಂತಾನೆ."

ಅದು ನನಗೆ ಹೊಳೆದಿರಲಿಲ್ಲ. ಅವನ ಹೆಸರಿನ ಮೇಲೆ ಒತ್ತಿದೆ. ಹೆಸರೆಂದರೆ ಹೆಸರಲ್ಲ, ಬರೀ ಅಕ್ಷರ, ಅಂಕಿ. ಊರು ಮಾತ್ರ ಸ್ಪಷ್ಟವಾಗಿ ಬರೆದಿತ್ತು: ಕಡೂರು. ಈ ಊರಿನಲ್ಲಿ ನನ್ನ ಬೆನ್ನಹಿಂದೆ ಇನ್ನೊಬ್ಬ ಸಂಕಲನಕಾರ ಇದ್ದಾನೆ, ಪ್ರಪಂಚಕ್ಕೆಲ್ಲ ಸಲಹೆ ಕೊಡುತ್ತಿದ್ದಾನೆ, ನನಗೆ ಗೊತ್ತೇ ಇಲ್ಲ. ಬಸ್ ಸ್ಟ್ಯಾಂಡಿನ ಸ್ಟುಡಿಯೊದವನೇ? ಅವನಿಗೆ ಇಷ್ಟು ಇಂಗ್ಲಿಷ್ ಬಾರದು. ದೇವನೂರಿನ ಕಡೆಯಿಂದ ಡ್ರೋನ್ ತರುವವನೇ? ಅವನಿಗೆ ಮೇಲಿನಿಂದ ನೋಡುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಅಸೂಯೆಯೆಂಬುದು ಅತ್ತೆಯನ್ನೂ ಮರೆಸುವಷ್ಟು ಬಲವಾದದ್ದು ಎಂದು ನನಗೆ ಆಗ ತಿಳಿಯಿತು.

"ಮೂಲೇಲಿ ಫೋಟೊ ಇದೆಯಲ್ಲ, ದೊಡ್ಡದು ಮಾಡಿ" ಎಂದಳು ಶೈಲಾ.

ಮಾಡಿದೆ. ಸ್ಟೇಷನ್ನಿನ ಫಲಕದ ಮುಂದೆ ಒಬ್ಬ ಮೀಸೆಯವನು ಕೈಕಟ್ಟಿ ನಿಂತಿದ್ದ. ಒಂಥರಾ ಜಂಭದ ಮುಖ. ಎಲ್ಲೋ ನೋಡಿದಂತಿದೆ ಎಂದೆ.

"ಆ ಮೀಸೆ ನೀವು ಮೈಸೂರಿಂದ ತಂದಿದ್ದು" ಎಂದಳು ಶೈಲಾ. "ಆಮೇಲೆ ಅದನ್ನ ನಾನೇ ತೆಗೆಸಿದ್ದು."

ಉತ್ತರ ಬರೆದವನು ನಾನೇ. ಕಡೂರಿಗೆ ಬಂದ ಹೊಸತರಲ್ಲಿ, ಇದೇ ಮಂಡಿಯ ಮೇಲೆ, ಇದೇ ವಾಸನೆಯಲ್ಲಿ ಕೂತು, ಯಾರಿಗೋ ಉಪಕಾರ ಮಾಡಲು ಬರೆದಿದ್ದೆ. ಇದು ತಿಳಿದ ಮೇಲಂತೂ ಆ ಉತ್ತರದ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋಯಿತು. ಬರೆದವನ ನೆನಪಿನ ಶಕ್ತಿ ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಕಾಲದಲ್ಲಿ ಅವನು ಏನನ್ನೋ ಅರ್ಧ ಓದಿ ಪೂರ್ತಿ ಬರೆದಿರಬಹುದು. ಇದನ್ನೇ ಶೈಲಾಗೆ ವಿವರಿಸತೊಡಗಿದೆ.

"ಮೊದಲು ಅಟ್ಟ ಹತ್ತಿ ನೋಡ್ರಿ. ನಂಬೋದು ಊಟ ಆದ್ಮೇಲೆ ನಂಬಬಹುದು" ಎಂದು ಅವಳು ಡಬ್ಬಿ ಬಿಚ್ಚಿದಳು.

ಹತ್ತಿದೆ. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು. ಕೊನೆಗೆ ತೆರೆದುಕೊಂಡಿತು ನೋಡಿ. ಸಣ್ಣ ಸಣ್ಣ ನಕಲುಗಳು, ಸಾಲುಸಾಲಾಗಿ. ಗಂಡಿನ ದೊಡ್ಡಪ್ಪನ ಬೀಗರ ಕಡೆಯವರೆಲ್ಲ ಹಾಗೇ ಉಸಿರು ಬಿಗಿಹಿಡಿದು ನನಗಾಗಿ ಕಾಯುತ್ತ ನಿಂತಿದ್ದರು. ನನ್ನ ಜೀವಮಾನದಲ್ಲಿ ಮುಯ್ಯಿಯ ಸಾಲನ್ನು ಅಷ್ಟು ಪ್ರೀತಿಯಿಂದ ನಾನು ನೋಡಿರಲಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಬೇಕೆನ್ನಿಸಿತು. ಮೊಸರನ್ನದ ಕೈಯಲ್ಲೇ ಕೂತು ನೋಡಿದೆವು. ಒಂದು ಗೂಡ್ಸ್ ಗಾಡಿ ಹೋಯಿತು, ನಾನು ಬೈಯಲಿಲ್ಲ.

ಪಾರ್ವತಮ್ಮ ಬಂದರು. ಹಸಿರು ಸೀರೆ, ಬಿಗಿದ ತುರುಬು. ಆದರೆ ಎಲ್ಲರೂ ಕ್ಯಾಮೆರಾಕ್ಕೆ ಮುಖ ಕೊಟ್ಟರೆ ಈಕೆ ಬೆನ್ನು ಕೊಟ್ಟು ನಿಂತಿದ್ದರು. ಹುಡುಗಿಯ ಸೆರಗು ಸರಿಮಾಡಿದರು. ತಲೆಯ ಮೇಲಿನ ಅಕ್ಷತೆ ಕೊಡವಿದರು. ಪಕ್ಕದಲ್ಲಿ ನಿಂತ ಅಣ್ಣನಿಗೆ ಏನೋ ಹೇಳಿದರು. ಅಣ್ಣ ನೆಲ ನೋಡಿದರು. ಅಷ್ಟೂ ಹೊತ್ತು ನಮಗೆ ಕಂಡದ್ದು ತುರುಬು ಮಾತ್ರ. ತುರುಬಿನ ಆಧಾರದ ಮೇಲೆ ಒಬ್ಬ ಸೋದರತ್ತೆ ಮದುವೆಗೆ ಬಂದಿದ್ದರು ಎಂದು ತರೀಕೆರೆಯಲ್ಲಿ ಸಾಧಿಸುವುದು ಹೇಗೆ? ಸಂದೇಹಪಡುವವನು ನಾನೊಬ್ಬನೇ ಅಲ್ಲವಲ್ಲ.

ಅಷ್ಟರಲ್ಲಿ ಓಲಗದ ಸದ್ದಿನ ಅಡಿಯಿಂದ ನಾಗರಾಜನ ದನಿ ಕೇಳಿತು: "ಅಮ್ಮಾ, ಈ ಕಡೆ." ಆಕೆ ತಿರುಗಿದರು. ಎಲ್ಲಿ ನೋಡಬೇಕೆಂದು ತಿಳಿಯದೆ ಒಮ್ಮೆ ಲೈಟು ನೋಡಿ, ಒಮ್ಮೆ ನಾಗರಾಜನನ್ನು ನೋಡಿ, ಕೊನೆಗೆ ನೇರವಾಗಿ ನಮ್ಮ ಕಡೆ ನೋಡಿ ಹೇಳಿದರು: "ಸರಿಯಾಗ್ ಹಿಡ್ಕಳಪ್ಪಾ. ನಾನು ಬಂದಿದೀನಿ."

ಶೈಲಾ ಕೈ ತೊಳೆಯಲು ಎದ್ದವಳು ಮತ್ತೆ ಕೂತಳು. "ಇನ್ನೊಂದ್ಸಲ ಹಾಕಿ" ಎಂದಳು.

ಆ ಮಧ್ಯಾಹ್ನವೆಲ್ಲ ಕೂತು, ಒಬ್ಬರನ್ನೂ ಬಿಡದೆ, ಬಂದ ಕ್ರಮದಲ್ಲೇ, ನಾಗರಾಜನ 'ಆಯ್ತು'ಗಳ ಸಮೇತ ಜೋಡಿಸಿದೆ. ಕತ್ತರಿ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಅಜ್ಜಂಪುರಕ್ಕೆ ಫೋನ್ ಮಾಡಿ ಸಿಕ್ಕಿದೆ ಎಂದೆ. ಗುರುಮೂರ್ತಪ್ಪನವರು, "ಕಳ್ದಿತ್ತಾ?" ಎಂದರು. ನಾನು ಮಾತು ಬದಲಿಸಿದೆ. ಅವರು ಅಲ್ಲಿಂದಲೇ ತಂಗಿಗೆ ಹೇಳಿಕಳಿಸಿದರಂತೆ: ನಾಳೆ ಬರ್ತೀವಿ, ಊಟ ಹಾಕಿದ್ರೆ ಹಾಕು, ಇಲ್ದಿದ್ರೆ ಕ್ಯಾಸೆಟ್ ನೋಡ್ಕೊಂಡು ಹೋಗ್ತೀವಿ. ಜೊತೆಗೆ ನನ್ನನ್ನೂ ಬರಹೇಳಿದರು. ಇದು ಆಹ್ವಾನವೋ ಸಮನ್ಸೋ ಎಂದು ತಿಳಿಯದೆ ಹೊರಟೆ. ಬೀರೂರಿನಲ್ಲಿ ಇಳಿಯಲಿಲ್ಲ, ಕಂಪ್ಯೂಟರ್ ಉರಿಯುತ್ತಿದ್ದರೆ ಉರಿಯಲಿ ಎಂದುಕೊಂಡೆ.

ಪಾರ್ವತಮ್ಮನವರ ನಡುಮನೆ ತುಂಬಿತ್ತು. ನನ್ನ ಭಯ ಬೇರೆಯೇ ಇತ್ತು. ಸಣ್ಣ ನಕಲನ್ನು ದೊಡ್ಡ ಟೀವಿಯಲ್ಲಿ ಹಾಕಿದರೆ ಮುಖಗಳೆಲ್ಲ ಮಸುಕಾಗುತ್ತವೆ. ಚಿತ್ರ ಶುರುವಾಯಿತು. ಯಾರೂ ಅದನ್ನು ನೆಟ್ಟಗೆ ನೋಡಲಿಲ್ಲ. ಒಬ್ಬರು ವೀಳ್ಯ ಮಡಿಚುತ್ತಿದ್ದರು, ಇನ್ನಿಬ್ಬರು ಯಾರದೋ ಮಂಡಿನೋವಿಗೆ ಔಷಧ ಹೇಳುತ್ತಿದ್ದರು. ಆದರೆ ತಮ್ಮ ಸರದಿ ಬಂದಾಗ ಒಬ್ಬೊಬ್ಬರೂ ಮಾತು ನಿಲ್ಲಿಸಿ, ತಾವು ವೇದಿಕೆ ಹತ್ತಿ ಇಳಿಯುವವರೆಗೆ ನೋಡಿ, ಮತ್ತೆ ಮಾತು ಬಿಟ್ಟ ಜಾಗದಿಂದ ಎತ್ತಿಕೊಳ್ಳುತ್ತಿದ್ದರು. ಇಂಥ ಪ್ರೇಕ್ಷಕರಿಗೆ ಚಿತ್ರ ಮಾಡುವುದು ಹೇಗೆ ಎಂದು ಯಾವ ಜಾಲತಾಣದಲ್ಲೂ ಬರೆದಿಲ್ಲ.

ಪಾರ್ವತಮ್ಮ ಅಡುಗೆಮನೆಯ ಬಾಗಿಲಲ್ಲಿ, ನೋಡುತ್ತಿಲ್ಲ ಎಂಬಂತೆ ನಿಂತಿದ್ದರು. ತುರುಬು ಬಂತು. ಮುಖ ತಿರುಗಿತು. "ನಾನು ಬಂದಿದೀನಿ" ಎಂದಿತು ಟೀವಿ.

"ಬಂದಿದ್ಯಲ್ಲೇ ಮತ್ತೆ" ಎಂದರು ಗುರುಮೂರ್ತಪ್ಪನವರು.

ಆಕೆ ಅಣ್ಣನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಯಾಕಪ್ಪಾ, ಮಂಕಾಗೈತಲ್ಲ?"

ನಾನು ಎದ್ದು ನಿಂತೆ. ನಕಲು, ಮೂಲ, ಫೋಲ್ಡರ್ ಎಂದು ಏನೇನೋ ತೊದಲಿದೆ.

"ಮಂಕಾದ್ರೇ ಚೆಂದ ಕಣಪ್ಪಾ. ಮುಖದ ಮೇಲೆ ಒಂದು ಗೆರೆ ಕಾಣ್ತಿಲ್ಲ. ಅಣ್ಣಂಗಿಂತ ಚಿಕ್ಕೋಳು ಅಂತ ಈಗ ಗೊತ್ತಾಗ್ತೈತೆ. ಆ ಮೊದ್ಲಿಂದ್ರಲ್ಲಿ ಇವ್ನ ಮುಖ ನೋಡ್ಬೇಕಿತ್ತು, ಉತ್ತ ಹೊಲ ಇದ್ದಂಗಿತ್ತು." ಕೋಣೆಯೆಲ್ಲ ನಕ್ಕಿತು, ಉತ್ತ ಹೊಲವೂ ನಕ್ಕಿತು. "ಏಳಣ್ಣ, ಎಲೆ ಹಾಕೈತೆ. ಹಂಡೆ ವಿಷ್ಯ ಊಟ ಆದ್ಮೇಲೆ ಮಾತಾಡಾನ."

ಹಂಡೆಯ ವಿಷಯ ಊಟವಾದ ಮೇಲೂ ಮಾತಾಡಿದರು, ಸಾಕಷ್ಟು ಜೋರಾಗಿಯೇ. ಆದರೆ ಯಾರೂ ಎದ್ದುಹೋಗಲಿಲ್ಲ. ನಾನು ಹೋಳಿಗೆಯನ್ನು ಅಂಥ ನಿರಾಳದಲ್ಲಿ ತಿಂದದ್ದು ನೆನಪಿಲ್ಲ. ನೆನಪಿಲ್ಲ ಎಂಬುದಕ್ಕೆ ಎಷ್ಟು ಬೆಲೆ ಎಂಬುದು ನಿಮಗೀಗ ಗೊತ್ತಿದೆ. ಕೈತೊಳೆಯುವಾಗ ಇಬ್ಬರು ಹೆಂಗಸರು ಗುಟ್ಟಾಗಿ ಬಂದು, ನಮ್ಮ ಮನೆಯ ಮದುವೆಯದೂ ಪಾರ್ವತಕ್ಕ ಕಂಡ ಹಾಗೇ ಮಾಡಿಕೊಡಬೇಕು ಎಂದರು. ಮುಖದ ಗೆರೆಗಳನ್ನು ಅಳಿಸಲು ಹೊಸದೊಂದು ದುಬಾರಿ ಸಾಧನ ಬಂದಿರುವ ಬಗ್ಗೆ ನನ್ನ ಫೋಲ್ಡರಿನಲ್ಲಿ ಲೇಖನಗಳೇ ಇವೆ. ಅವನ್ನಿನ್ನು ಓದಬೇಕಾಗಿಲ್ಲ.

ಮರುದಿನ ಬೆಳಗ್ಗೆ, ಸುದ್ದಿ ಓದುವ ಮೊದಲು, ಕೃತಜ್ಞತೆ ಸಲ್ಲಿಸಬೇಕೆನ್ನಿಸಿತು. ಮೀಸೆಯವನು ಏನೇ ಆಗಲಿ, ಒಂದು ಮನೆತನವನ್ನು ಉಳಿಸಿದ್ದ. ಆ ವೇದಿಕೆಯಲ್ಲಿ ಒಳ್ಳೆಯ ಉತ್ತರದ ಕೆಳಗೆ ಧನ್ಯವಾದ ಹೇಳಲು ಒಂದು ಗುಂಡಿಯಿದೆ. ಹಳೆಯ ಖಾತೆ ಮರೆತು ಆಮೇಲೆ ಮಾಡಿಕೊಂಡ ನನ್ನ ಈಗಿನ ಹೆಸರಿನಲ್ಲೇ ಒಳಹೊಕ್ಕು, ಆ ಉತ್ತರ ಹುಡುಕಿ, ಸ್ವಲ್ಪ ಭಾವುಕನಾಗಿಯೇ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಸಾಲು ಮೂಡಿತು: ನೀವು ಈ ಉತ್ತರಕ್ಕೆ ಹಿಂದೆಯೇ ಧನ್ಯವಾದ ಹೇಳಿದ್ದೀರಿ. ಅದರ ಕೆಳಗೆ, ಎಷ್ಟೋ ಹಿಂದಿನ ತಾರೀಖಿನಲ್ಲಿ, ನನ್ನದೇ ಹೆಸರಿನಲ್ಲಿ ನನ್ನದೇ ಮಾತಿತ್ತು: ಬಹಳ ಉಪಕಾರವಾಯಿತು, ಇನ್ನು ಮರೆಯುವುದಿಲ್ಲ.

ಇದನ್ನು ನಾನು ನಂಬುವುದಿಲ್ಲ. ಜಾಲತಾಣದಲ್ಲೇ ಏನೋ ದೋಷವಿರಬೇಕು. ಅಂಥ ದೋಷಗಳ ಬಗ್ಗೆ ಎಲ್ಲೋ ಓದಿದ ನೆನಪು ನನಗೆ ಚೆನ್ನಾಗಿಯೇ ಇದೆ.